ಹೊನ್ನಾಳಿಯ ಬಾಯಮ್ಮ

ಮೊನ್ನೆ ಚನ್ನಗಿರಿ ಪೇಟೆಯಲ್ಲಿ ಚಪ್ಪಲಿ ಕೊಳ್ಳುತ್ತಿದ್ದೆ. ನವಿಲುಗರಿ ಹಿಡಿದ ಫಕೀರರೊಬ್ಬರು ಲೋಬಾನದ ಹೊಗೆ ಹಾಕುತ್ತಾ ಅಂಗಡಿಯೊಳಗೆ ಬಂದರು. ನಾನು ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಮೂಗು ಮೇಲೆತ್ತಿ ನಿಂತುಬಿಟ್ಟೆ. ನನಗೇನೋ ಗಾಳಿ ಸೋಕಿದೆ ಎಂದುಕೊಂಡ ಅಂಗಡಿಯವನು ಫಕೀರರಿಗೆ ಹೇಳಿ ನನ್ನ ತಲೆಗೂ ನವಿಲುಗರಿ ಆಡಿಸಿದ. ಸೋಕಿದ್ದು ಗಾಳಿಯಲ್ಲ, ಶಿರೀನ್‌ಬಾಯಿಯವರ ನೆನಪು.

ಎಪ್ಪತ್ತರ ದಶಕದಲ್ಲಿ ಸವಳಂಗದಿಂದ ಹೊನ್ನಾಳಿಯ ಶಾಲೆಗೆ ಟೀಚರಮ್ಮನಾಗಿ ವರ್ಗವಾಗಿ ಬಂದ ನಾನು ಅವರ ಮನೆಯ ಮುಂಗೋಣೆಯಲ್ಲಿ ಬಾಡಿಗೆಗಿದ್ದೆ. ಸುತ್ತಲಿನ ಊರುಗಳಿಗೆಲ್ಲ ಅವರೊಬ್ಬರೇ ಪಾರ್ಸಿ. ಹತ್ತಿ ಜಿನ್ನಿಂಗ್ ಮಿಲ್ಲಿನ ಇಂಜಿನ್ ನೋಡಿಕೊಳ್ಳಲು ಮುಂಬಯಿಯಿಂದ ಜಗಳೂರಿಗೆ ಬಂದ ಗಂಡ, ಆಮೇಲೆ ಹೊನ್ನಾಳಿಯಲ್ಲಿ ಸೋಡಾ ಫ್ಯಾಕ್ಟರಿ ಇಟ್ಟು, ಇಲ್ಲೇ ತೀರಿಕೊಂಡಿದ್ದರು. ಊರಾಚೆಯ ಅವರದೇ ತುಂಡು ಜಮೀನಿನಲ್ಲಿ ಅವರ ಸಮಾಧಿ. ಅದನ್ನು ಬಿಟ್ಟು ಹೋಗಲು ಮನಸ್ಸಾಗದೆ ಶಿರೀನ್‌ಬಾಯಿ ಇಲ್ಲೇ ಉಳಿದರು. ಆ ಹೆಸರು ಊರಿನವರ ನಾಲಗೆಗೆ ಒಗ್ಗಲಿಲ್ಲ. ಎಲ್ಲರಿಗೂ ಅವರು ಬಾಯಮ್ಮ.

ಮೊದಲ ದಿನ ಬೆಳಗ್ಗೆ ಅವರು ಅಂಗಳದಲ್ಲಿ ಸೂರ್ಯನಿಗೆ ಮುಖ ಮಾಡಿ ನಡುವಿಗೆ ದಾರ ಸುತ್ತುವುದನ್ನು ಕಂಡು, ಲಂಗದ ಲಾಡಿ ಸಡಿಲವಾಗಿದೆಯೇನೋ ಎಂದು ನಾನು ನಾಚಿ ಒಳಗೆ ಓಡಿದ್ದೆ. ಅದು ಅವರ ಧರ್ಮದ ಉಣ್ಣೆಯ ಜನಿವಾರ, ಪ್ರಾರ್ಥನೆ ಹೇಳುತ್ತಾ ಬಿಚ್ಚಿ ಮತ್ತೆ ಕಟ್ಟಿಕೊಳ್ಳಬೇಕು ಎಂದು ತಿಳಿಸಿದವಳು ಪಕ್ಕದ ಮನೆಯ ಹನುಮಕ್ಕ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ.

ಒಳಮನೆಯಲ್ಲಿ ಒಂದು ಚಿಕ್ಕ ಕೋಣೆ. ಅಲ್ಲಿ ಹಗಲೂ ಇರುಳೂ ಉರಿಯುವ ಎಣ್ಣೆ ದೀಪ, ಸಂಜೆಯಾದರೆ ಲೋಬಾನ. ಬೇರೆಯವರು ಆ ಹೊಸ್ತಿಲು ದಾಟುವಂತಿರಲಿಲ್ಲ. ಪಾರ್ಸಿ ಹೊಸ ವರ್ಷಕ್ಕೆ ಕೇರಿಗೆಲ್ಲ ಶ್ಯಾವಿಗೆ ಹಂಚುವ, ಹನುಮಕ್ಕನ ಎರಡು ಬಾಣಂತನಕ್ಕೂ ನಿದ್ದೆಗೆಟ್ಟ ಹೆಂಗಸು ಆ ಒಂದು ಮಾತಿನಲ್ಲಿ ಮಾತ್ರ ಕಲ್ಲು. ನನಗೆ ಒಳಗೊಳಗೇ ಸ್ವಲ್ಪ ಮುನಿಸಿತ್ತು ಎಂದು ನಿಮ್ಮ ಹತ್ತಿರ ಹೇಳಿಕೊಳ್ಳಬಹುದು.

ಒಂದು ಮಳೆಗಾಲ ಬಾಯಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ದಾವಣಗೆರೆಯ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಬೇಕಾಯಿತು. ಮನೆಯ ಕೀಲಿ ಹನುಮಕ್ಕನ ಕೈಯಲ್ಲಿತ್ತು. ವಾಪಸು ಬಂದ ದಿನ, ಕೋಲೂರಿ ಕೋಣೆಯ ಬಾಗಿಲು ತೆರೆದರೆ ದೀಪ ಆರಿತ್ತು. ಎಷ್ಟೋ ವರ್ಷ ಆರದೇ ಇದ್ದ ದೀಪ. ಹನುಮಕ್ಕ ಹೊಸ್ತಿಲಾಚೆ ನಿಂತು ಅಳುತ್ತಿದ್ದಳು.

"ಎಣ್ಣೆ ಡಬ್ಬಿ ಹಿಡ್ಕಂಡು ದಿನಾ ಇಲ್ಲಿಗಂಟ ಬರ್ತಿದ್ದೆ ಬಾಯಮ್ಮ. ಒಳಗೆ ಬರಬ್ಯಾಡ ಅಂದಿದ್ರಲ್ಲ, ಹೆಂಗೆ ಬರಾಕಾಗ್ತೈತೆ?"

ಬಾಯಮ್ಮ ಗೋಡೆಗೊರಗಿದರು. ಬೈಯುತ್ತಾರೇನೋ ಎಂದು ನಾನು ಹೆದರಿದ್ದೆ. ಅವರು ಮೆಲ್ಲಗೆ ಹೇಳಿದರು: "ಅಗ್ಯಾರಿ ಬೆಂಕಿಗೆ ಆ ಕಟ್ಟಳೆ. ಮನೆ ದೀಪಕ್ಕೆ ಇಲ್ಲ. ಇಲ್ಲಿ ನಾನೇ ಮಾಡ್ಕೊಂಡಿದ್ದು. ಒಬ್ಬಳೇ ಇದೀನಿ, ಸ್ವಲ್ಪ ಸಡಿಲ ಬಿಟ್ರೆ ಪೂರ್ತಿ ಕರಗಿ ಹೋಗ್ತೀನಿ ಅಂತ ಭಯ."

ಅಗ್ಯಾರಿ ಎಂದರೆ ಅವರ ಅಗ್ನಿಮಂದಿರ. ಅದನ್ನು ಅವರು ಮದುವೆಯಾದ ವರ್ಷ ಮುಂಬಯಿಯಲ್ಲಿ ನೋಡಿದ್ದೇ ಕಡೆ. ಅವರು ಕೈ ಚಾಚಿ ಹನುಮಕ್ಕನನ್ನು ಒಳಗೆ ಕರೆದರು. ಬತ್ತಿಯನ್ನು ಹೇಗೆ ಹೊಸೆಯಬೇಕು, ಎಣ್ಣೆಯನ್ನು ಎಲ್ಲಿಯವರೆಗೆ ತುಂಬಬೇಕು ಎಂದು ತೋರಿಸಿ, ಹೊಸದಾಗಿ ದೀಪ ಹಚ್ಚಿದರು. ಬಗ್ಗಲಾಗದ ಸೊಂಟದ ಅವರಿಗೆ ಅಂದಿನಿಂದ ಆ ಕೆಲಸದಲ್ಲಿ ಹನುಮಕ್ಕನೇ ಕೈಯಾದಳು. ನನ್ನನ್ನು ಯಾರೂ ಕರೆಯಲಿಲ್ಲ. ಆದರೂ ನನ್ನ ಮುನಿಸು ಅಂದೇ ಹೋಯಿತು.

ಎಂಬತ್ತರ ದಶಕದ ಕೊನೆಗೆ, ತುಂಬಾ ವಯಸ್ಸಾಗಿ ಬಾಯಮ್ಮ ತೀರಿಕೊಂಡರು. ಆಗ ನಾನು ನ್ಯಾಮತಿಯಲ್ಲಿದ್ದೆ, ಸುದ್ದಿ ಕೇಳಿ ಬಸ್ಸು ಹತ್ತಿ ಬಂದೆ. ಕಾಯಿಲೆ ಬಿದ್ದಾಗಲೇ ನೋಡಿಕೊಳ್ಳಲು ಮುಂಬಯಿಯಿಂದ ಬಂದಿದ್ದ ತಂಗಿಯ ಮೊಮ್ಮಗಳು ಅಲ್ಲಿದ್ದಳು. ಪುರೋಹಿತರಿಲ್ಲ. ಗಂಡನ ಪಕ್ಕದಲ್ಲೇ ಕೇರಿಯ ಗಂಡಸರು ಗುಂಡಿ ತೋಡಿ, ಮೈ ಮಣ್ಣಿಗೆ ತಾಗಬಾರದೆಂದು ಸುತ್ತಲೂ ಕಲ್ಲುಚಪ್ಪಡಿ ಕೂರಿಸಿದ್ದರು. ಆ ಹುಡುಗಿಯೇ ಬಾಯಮ್ಮನ ದಿನದ ಪ್ರಾರ್ಥನೆ ಶುರು ಮಾಡಿದಳು. ನಡುವೆ ಅಳು ಬಂದು ನಿಲ್ಲಿಸಿಬಿಟ್ಟಳು.

ಆಗ ಹಿಂದಿನಿಂದ ಹನುಮಕ್ಕನ ದನಿ ಕೇಳಿಸಿತು. ಹುಡುಗಿ ಬಿಟ್ಟ ಕಡೆಯಿಂದಲೇ ಮುಂದುವರಿಸಿದ್ದಳು. ಅರ್ಥ ಗೊತ್ತಿಲ್ಲದ ಆ ಮಾತುಗಳು ಗೋಡೆಯಾಚೆಯಿಂದ ಎಷ್ಟೋ ಮುಂಜಾನೆ ಕಿವಿಗೆ ಬಿದ್ದು, ನಮ್ಮ ಕಡೆಯ ರಾಗ ಹತ್ತಿ, ಅವಳ ಬಾಯಲ್ಲಿ ನೆಲೆಸಿದ್ದವು. ಹುಡುಗಿ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಸೇರಿ ಮುಗಿಸಿದರು.

ಚನ್ನಗಿರಿಯಿಂದ ಬಂದ ಮಾರನೆಯ ದಿನವೇ ಹೊನ್ನಾಳಿಗೆ ಹೋದೆ. ಹನುಮಕ್ಕನಿಗೆ ಈಗ ಕಣ್ಣು ಮಂಜು. ನನ್ನನ್ನು ದನಿಯಿಂದ ಗುರುತು ಹಿಡಿದಳು. ಕಾಫಿಯಾದ ಮೇಲೆ, ಬಾಯಮ್ಮನ ಪ್ರಾರ್ಥನೆ ಇನ್ನೂ ನೆನಪಿದೆಯಾ, ಒಂದು ಸಲ ಹೇಳುತ್ತೀಯಾ ಎಂದು ಕೇಳಿದೆ.

"ಮರ್ತಿಲ್ಲ ಟೀಚರಮ್ಮ. ಆದ್ರೆ ಹಿಂಗೇ ಹೇಳಬಾರ್ದು ರೀ. ತಡೀರಿ, ಕೈಕಾಲು ತೊಳ್ಕಂಡು ಬರ್ತೀನಿ."

ಗೋಡೆ ಹಿಡಿದು ಅವಳು ಬಚ್ಚಲಿನ ಕಡೆ ನಡೆದಳು. ಎದ್ದು, ಅವಳ ಹಿಂದೆಯೇ ಹೋಗಿ, ನಾನೂ ಕೈಕಾಲು ತೊಳೆದುಕೊಂಡೆ.