ಪುಟ್ಟಸ್ವಾಮಣ್ಣನ ಎಕೋ

ಪುಟ್ಟಸ್ವಾಮಣ್ಣ ಯಾರ ಮನೆಗೆ ಹೋದರೂ ಹೊಸಿಲಲ್ಲೇ ನಿಂತು ಒಮ್ಮೆ ಚಪ್ಪಾಳೆ ತಟ್ಟುತ್ತಿದ್ದರು. ಗೋಡೆಗಳು ಹೇಗೆ ಓಗೊಡುತ್ತವೆಂದು ಕೇಳಿಸಿಕೊಂಡ ಮೇಲೆಯೇ ಮನೆಯವರ ಕ್ಷೇಮ ವಿಚಾರಿಸುವುದು. ಸಾವಿನ ಮನೆಯಲ್ಲೂ ತಟ್ಟಿ ಬೈಸಿಕೊಂಡಿದ್ದ ಪುಣ್ಯಾತ್ಮ.

ಚನ್ನರಾಯಪಟ್ಟಣದ ಗೊಬ್ಬರದ ಅಂಗಡಿಯೊಂದರ ಮಹಡಿಯಲ್ಲಿ ಅವರ ರೆಕಾರ್ಡಿಂಗ್ ಕೋಣೆ. ಸುತ್ತಲ ಊರುಗಳ ಭಜನೆ, ಸೋಬಾನೆ, ದೇವರ ಪದಗಳಿಗೆಲ್ಲ ಅದೇ ಗತಿ. ಹಾಡುತ್ತಿದ್ದವರು ಹೆಚ್ಚಾಗಿ ಅವರ ಹೆಂಡತಿ ಜಯಮ್ಮಕ್ಕ. ನಾನು ದುದ್ದದಿಂದ ಬಸ್ಸಿನಲ್ಲಿ ಹೋಗಿ ಹಾರ್ಮೋನಿಯಂ ನುಡಿಸುತ್ತಿದ್ದೆ. ಹಾಡಿಗೆ ಗೋಡೆಗಳ ಮಾರ್ದನಿ ಸೇರಿಸುವುದಕ್ಕೆ ಕಂಪ್ಯೂಟರಿನಲ್ಲಿ ರಿವರ್ಬ್ ಎಂದಿದ್ದರೂ ಅಣ್ಣನ ಬಾಯಲ್ಲಿ ಅದು ಎಕೋನೇ. ಸ್ವಲ್ಪ ಕಮ್ಮಿ ಮಾಡಿ ಎಂದರೆ ರೇಗುತ್ತಿದ್ದರು.

"ದೇವ್ರ ಪದ ಗುಡಿಯೊಳಗೆ ನಿಂತು ಆಡ್ದಂಗಿರ್ಬೇಕು ಕಣ್ಲಾ, ಕೊಟ್ಟಿಗೇಲಿ ಆಡ್ದಂಗಲ್ಲ!"

ಕಂಪ್ಯೂಟರ್ ಮಾತ್ರ ಮುದಿಯಾಗಿತ್ತು. ಎಕೋ ಹೆಚ್ಚಿದಷ್ಟೂ ಹಾಡು ಚಟಪಟ ಎಂದು ಕಡಿಕಡಿದು ಬರುತ್ತಿತ್ತು. ಅದರ ಭಾರ ಇಳಿಸಲು ಅಣ್ಣ ಇಂಟರ್‌ನೆಟ್ ಕಿತ್ತರು, ಬಫರ್ ಏರಿಸಿದರು, ಪರದೆಯ ಮೇಲಿನ ದೇವರ ಪಟವನ್ನೂ ಬಿಡದೆ ತೆಗೆದರು. ಆದರೂ ಅದು ತಿಣುಕಿತು. ಕಡೆಗೆ ಎಕೋವನ್ನು ದನಿಯೊಳಕ್ಕೇ ಬೆರೆಸಿ ಒಂದೇ ಫೈಲ್ ಮಾಡಿ, ಬರಿ ದನಿಯ ಫೈಲನ್ನು ಅಳಿಸಿಬಿಡುವ ಉಪಾಯ ಹೂಡಿದರು. ಒಂದು ಪ್ರತಿ ಇರಲಿ ಎಂದರೆ ನಗುತ್ತಿದ್ದರು.

"ಬರೀ ದನಿ ಮಡೀಕಂಡು ಏನ್ ಉಪ್ಪಿನ್‌ಕಾಯಿ ಆಕ್ತೀಯಾ?"

ಹೋದ ವರ್ಷ ಜಯಮ್ಮಕ್ಕ ಜ್ವರದಲ್ಲಿ ತೀರಿಕೊಂಡರು. ತಿಥಿ ಮುಗಿಸಿದ ಅಣ್ಣನಿಗೆ ಒಂದೇ ಹಂಬಲ ಹತ್ತಿತು. ಅಡುಗೆಮನೆಯಿಂದ ತನ್ನನ್ನು ಕೂಗುತ್ತಿದ್ದ ಆ ದನಿಯನ್ನು ಮತ್ತೆ ಕೇಳಬೇಕು. ಫೋನಿನಲ್ಲಿ ಆಕೆಯ ಒಂದು ಮಾತೂ ಉಳಿದಿರಲಿಲ್ಲ. ಉಳಿದದ್ದು ಹಾಡುಗಳು, ಅವೆಲ್ಲ ಎಕೋದಲ್ಲಿ ಮುಳುಗಿದ್ದವು. ಹಾಸನಕ್ಕೆ ಹೋಗಿ ಎಕೋ ತೆಗೆಯುವ ಪ್ಲಗಿನ್ ಹಾಕಿಸಿಕೊಂಡು ಬಂದರು. ಹಾಡಿನ ಒಂದು ಸಾಲು ಕೊಟ್ಟರೆ ಕಂಪ್ಯೂಟರ್ ಅರ್ಧ ದಿನ ಕೂತುಬಿಡುತ್ತಿತ್ತು. ಕೊನೆಗೆ ಹೊರಬರುತ್ತಿದ್ದದ್ದು ಯಾರದೋ ದನಿ. ಹಾಡಿಸಲು ಬಂದವರನ್ನೆಲ್ಲ ವಾಪಸ್ ಕಳಿಸಿ, ಅಣ್ಣ ಅದರ ಮುಂದೆಯೇ ಸೊರಗಿದರು.

ಈ ಆಷಾಢದಲ್ಲಿ ಅಣ್ಣನೂ ಹೋಗಿಬಿಟ್ಟರು. ಅದಕ್ಕೂ ಸ್ವಲ್ಪ ಮುಂಚೆ ಕೋಣೆಯಲ್ಲಿ ನಾನು ಅವರನ್ನು ಕಂಡದ್ದೇ ಕಡೆ. ಕುರ್ಚಿಯಲ್ಲಿ ಕುಗ್ಗಿ ಕೂತಿದ್ದರು.

"ತಗೀತಾ ತಗೀತಾ ಎಕೋ ಜೊತೇಲಿ ಅವ್ಳೂ ಒಂಟೋಯ್ತಾವ್ಳೆ ಕಣ್ಲಾ" ಎಂದರು. ಆಮೇಲೆ ಮೆಲ್ಲಗೆ, "ನನ್ ಕಿವೀಲಿ ಬರೀ ಇದೇ ತುಂಬ್ಕಂಬುಟ್ಟದೆ. ನಿಂಗಾದ್ರೂ ಅವ್ಳ ದನಿ ಗ್ಯಾಪ್ಕ ಅದಾ?"

ಆಕೆಯ ಪಕ್ಕದಲ್ಲೇ ಅಷ್ಟು ವರ್ಷ ಕೂತು ನುಡಿಸಿದವನು ನಾನು. ತಡಕಾಡಿದೆ. ನನ್ನ ಕಿವಿಗೂ ಬಂದದ್ದು ಎಕೋ ಹಾಕಿದ ದನಿಯೇ. ಆದರೂ ಅವರ ಮುಖ ನೋಡಲಾಗದೆ, "ಅದೆ ಕಣಣ್ಣ" ಎಂದುಬಿಟ್ಟೆ.

ಅಣ್ಣ ದಡಕ್ಕನೆ ಎದ್ದು ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಮೌಸನ್ನು ಕೈಗೆ ಕೊಟ್ಟರು.

"ಅಂಗಾದ್ರೆ ಎಕೋನ ನೀನೇ ಕಮ್ಮಿ ಮಾಡ್ತಾ ಓಗು. ಅವ್ಳು ಬಂದ್ ತಕ್ಷಣ ನಿಲ್ಸು."