ಕಾಯಿಸುವುದು, ಕುದಿಸುವುದು

ನನ್ನ ನಾದಿನಿ ಔಷಧ ರಸಾಯನ ಓದಿ, ಆಮೇಲೆ ಕಾನೂನು ಓದಿದವಳು. ಔಷಧಿಗಳ ಪೇಟೆಂಟ್ ಮೊಕದ್ದಮೆ ನಡೆಸುವುದೇ ಅವಳ ಕಸುಬು. ಏನು ಕೆಲಸವೆಂದು ಕೇಳಿದವರಿಗೆ, “ಹೊಸದು ಅನ್ನೋರ ಹತ್ರ ಎಷ್ಟು ಹೊಸದು ಅಂತ ಕೇಳೋದು” ಎನ್ನುತ್ತಾಳೆ. ಅವಳ ಕಡತದಲ್ಲಿ ಒಂದು ಸಲ ನನಗೂ ಕೆಲಸ ಸಿಕ್ಕಿತು.

ತೀರ್ಥಹಳ್ಳಿಯ ಕೆಲವು ಹೆಂಗಸರು ಸೇರಿ ಒಂದು ಸೊಪ್ಪಿನಿಂದ ಸುಟ್ಟಗಾಯದ ಎಣ್ಣೆ ಮಾಡಿ ಮಾರುತ್ತಿದ್ದರು. ಅದೇ ಸೊಪ್ಪನ್ನು ಕೊಬ್ಬರಿ ಎಣ್ಣೆಗೆ ಹಾಕಿ, ಕುದಿಯಲು ಬಿಡದೆ, ಸಣ್ಣ ಬಿಸಿಯಲ್ಲೇ ಸಾರ ಇಳಿಸುವ ಕ್ರಮ ತನ್ನ ಸಂಶೋಧನೆ ಎಂದು ಕಂಪನಿಯೊಂದು ಪೇಟೆಂಟ್‌ಗೆ ಅರ್ಜಿ ಹಾಕಿತ್ತು. ಅದು ಮಂಜೂರಾದರೆ ಈ ಹೆಂಗಸರು ಒಲೆ ಆರಿಸಬೇಕಾಗಿತ್ತು. ಅವರಿಗೆ ಎಣ್ಣೆ ಮಾಡಲು ಕಲಿಸಿದ ಹೊಸನಗರದ ಅಜ್ಜಿಯ ಹೇಳಿಕೆಯೇ ನಾದಿನಿಯ ಮುಖ್ಯ ಸಾಕ್ಷ್ಯ. ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ಅದನ್ನು ಇಂಗ್ಲಿಷಿಗೆ ತರುವುದನ್ನು ನನಗೆ ವಹಿಸಿದ್ದಳು.

ಸಾಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ನನ್ನ ಅನುವಾದ ಓದುತ್ತಿದ್ದ ನಾದಿನಿಯ ಪೆನ್ಸಿಲ್ ಒಂದು ಪದದ ಮೇಲೆ ನಿಂತಿತು.

“ಅತ್ತಿಗೆ, ಇಲ್ಲಿ ಬಾಯ್ಲ್ ಅಂತಿದೆ. ಅಜ್ಜಿ ಕುದಿಸ್ತೀನಿ ಅಂದ್ರಾ?”

“ಕಾಯಿಸ್ತೀನಿ ಅಂದ್ರು. ಹಾಲು ಕಾಯ್ಸೋದಕ್ಕೂ ನಾವು ಬಾಯ್ಲ್ ಅಂತಾನೇ ಅಲ್ವಾ ಹೇಳೋದು?”

ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ಅಜ್ಜಿ ಕುದಿಸುತ್ತಾರೆಂದಾದರೆ, ಕುದಿಸದ ಕ್ರಮ ಕಂಪನಿಯದೇ ಆಗಿಬಿಡುತ್ತದೆ.

“ನಿಮ್ಮ ಕಾನ್ವೆಂಟ್ ಸಿಸ್ಟರ್‌ಗಳು ಕಂಪನಿ ಕಡೆಯವ್ರು ಅಂತ ಗೊತ್ತಿರ್ಲಿಲ್ಲ” ಎಂದು ನಕ್ಕಳು. ನಾನು ತಿದ್ದಲು ಹೊರಟರೆ ತಡೆದಳು. ಅಂದಾಜಿನ ಮೇಲೆ ತಿದ್ದಿದರೆ ಅದು ನಮ್ಮ ಹೇಳಿಕೆಯಾಗುತ್ತದೆ, ಅಜ್ಜಿಯನ್ನೇ ಕೇಳಬೇಕು, ಅದೂ ಉತ್ತರವನ್ನು ಅವರ ಬಾಯಿಗೆ ಇಡದೆ ಎಂದಳು.

ಮರುದಿನ ಹೊಸನಗರಕ್ಕೆ ಹೋದೆವು. ಎಣ್ಣೆ ಎಷ್ಟು ಕಾಯಿಸುತ್ತೀರಿ ಎಂದಷ್ಟೇ ನಾದಿನಿ ಕೇಳಿದಳು. ಅಜ್ಜಿ ಬಾಣಲೆ ಇಟ್ಟು, ಎಣ್ಣೆಗೆ ಸೊಪ್ಪು ಹಾಕಿ, ಸ್ವಲ್ಪ ಹೊತ್ತಿಗೆ ಕಿರುಬೆರಳು ಅದ್ದಿ ನೋಡಿ ಕೆಳಗಿಳಿಸಿದರು.

“ಬೆರಳು ತಡ್ಕಳ್ಳೋವಷ್ಟು. ಎಲೆ ಚುಂಯ್ ಅಂದ್ರೆ ಹೋಯ್ತು, ಅದ್ರಲ್ಲಿ ಹಪ್ಪಳ ಕರೀಬೇಕು ಅಷ್ಟೆ.”

ಈ ಸಲ ಅದನ್ನು ಹಾಗೆಯೇ ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಇಟ್ಟೆ. ಹಪ್ಪಳವನ್ನೂ ಬಿಡಲಿಲ್ಲ.

ವಿಚಾರಣೆಯ ದಿನ ಎದುರು ವಕೀಲರು, ಆ ಅಜ್ಜಿಗೆ ಥರ್ಮಾಮೀಟರ್ ಗೊತ್ತೇ ಎಂದು ಕೇಳಿದರಂತೆ. ನಾದಿನಿ ಅಜ್ಜಿಯ ಕ್ರಮವನ್ನು ಪರೀಕ್ಷೆ ಮಾಡಿಸಿ ಪಡೆದಿದ್ದ ಪ್ರಯೋಗಾಲಯದ ವರದಿ ಮುಂದಿಟ್ಟಳು: ಕಂಪನಿಯ ಅರ್ಜಿಯಲ್ಲಿದ್ದ ಬಿಸಿಯೂ ಅಜ್ಜಿಯ ಬೆರಳು ತಡೆಯುವ ಬಿಸಿಯೂ ಒಂದೇ.

ಕೆಲವು ತಿಂಗಳಲ್ಲಿ ಅರ್ಜಿ ತಿರಸ್ಕೃತವಾಯಿತು. ಅನುವಾದದ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ ಎಂದು ನಾದಿನಿ ಫೋನಿನಲ್ಲಿ ಒತ್ತಿ ಹೇಳಿ, ತೀರ್ಥಹಳ್ಳಿಗೆ ಸುದ್ದಿ ಮುಟ್ಟಿಸುವುದನ್ನು ನನಗೆ ಬಿಟ್ಟಳು. ನಾನು ಫೋನ್ ಮಾಡಿದಾಗ ಆ ಹೆಂಗಸರಲ್ಲಿ ಒಬ್ಬರು ಎತ್ತಿ, ಎಣ್ಣೆ ಒಲೆ ಮೇಲಿದೆ, ಬೇಗ ಹೇಳಿ ಎಂದರು.