ಹಮಾಲನ ಮಗನ ಸೀಟಿ

ಆಗದು ಅಂದವನು ನನ್ನ ಸೋದರಮಾವ. ಹುಮನಾಬಾದಿನ ಧಾನ್ಯದ ಪೇಟೆಯಲ್ಲಿ ಅವನು ಹಮಾಲರ ಮುಕದ್ದಮ, ಅಂದರೆ ಮೇಸ್ತ್ರಿ. ನನ್ನ ಅಪ್ಪ ಅವನ ಕೈಕೆಳಗೆ ಜೋಳದ ಚೀಲ ಹೊರುವ ಹಮಾಲ. ಅದು ಐವತ್ತನೆಯ ಇಸವಿಯ ಬೇಸಿಗೆ. ಹೈದರಾಬಾದಿನ ಕಾಲೇಜಿನಲ್ಲಿ ಬಿ.ಎ. ಪಾಸಾಗಿ ಊರಿಗೆ ಬಂದಿದ್ದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲ ಕೈ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ.

ಮಾವ ನನಗಾಗಿ ಊರಿನ ತಹಸೀಲು ಕಚೇರಿಯಲ್ಲಿ ಕಾರಕೂನನ ಕೆಲಸ ಮಾತಾಡಿ ಇಟ್ಟಿದ್ದ. ನಾನು ಬೇರೆ ಮಾತು ತೆಗೆದೆ. ಮಳೆಗಾಲಕ್ಕೆ ಹೈದರಾಬಾದಿನ ಫುಟ್‌ಬಾಲ್ ಲೀಗಿನ ಹಂಗಾಮು ಶುರುವಾಗುತ್ತದೆ, ಮೊದಲ ದರ್ಜೆಯ ಆಟಗಳಿಗೆ ಹೊಸ ರೆಫರಿಗಳನ್ನು ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಿದ್ದಾರೆ, ನಾನು ಹೋಗುತ್ತೇನೆ ಅಂದೆ.

“ಯಾರ ಮ್ಯಾಲ ಸೀಟಿ ಊದಾಂವ ನೀ?” ಅಂದ ಮಾವ.

“ಆಡಾವ್ರ ಮ್ಯಾಲ.”

“ಅವ್ರು ಪಟ್ಟಣದ ಮಂದಿ. ಬೂಟು ಹಾಕ್ಕೊಂಡ ಸಾಹೇಬ್ರು. ಇಲ್ಲಿ ಎಂಟು ಮಂದಿ ಹಮಾಲರು ನನ್ನ ಮಾತು ಕೇಳಂಗಿಲ್ಲ, ನಾ ಮುಕದ್ದಮ ಅದೀನಿ. ಚೀಲ ಹೊರಾವ್ನ ಮಗ ಹೊರಗ ನಡಿ ಅಂದ್ರ ಅವ್ರು ನಡೀತಾರೇನು? ಆಗೂದಿಲ್ಲ ಬಿಡು. ಎಂದಿಗೂ ಆಗೂದಿಲ್ಲ.”

ಅಪ್ಪ ಪಕ್ಕದಲ್ಲೇ ಚೀಲಕ್ಕೆ ಒರಗಿ ಕೂತು ಬೀಡಿ ಸೇದುತ್ತಿದ್ದ. ಮರುದಿನ ನಾನು ಹೈದರಾಬಾದಿನ ಮೋಟಾರು ಹತ್ತಿದೆ.

ಸೀಟಿ ನನಗೆ ಹೊಸದಾಗಿರಲಿಲ್ಲ. ಈಗಿನ ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎನ್ನುತ್ತಿದ್ದರು. ಅಲ್ಲಿಯ ಶಾಲೆಯಲ್ಲಿ ಓದುವಾಗ ನಾನು ಓಡುವುದರಲ್ಲಿ ಮಂದ, ಜಗಳ ಬಿಡಿಸುವುದರಲ್ಲಿ ಚುರುಕು. ಕೋಟೆಯ ಹಿಂದಿನ ಬಯಲಿನಲ್ಲಿ ಕಲ್ಯಾಣಿಗೂ ಹುಮನಾಬಾದಿಗೂ ಆಟ ಬಿದ್ದಾಗಲೆಲ್ಲ ಸೀಟಿ ನನ್ನ ಕೊರಳಿಗೆ ಬೀಳುತ್ತಿತ್ತು. ಹುಟ್ಟಿದ್ದು ಒಂದು ಊರು, ಓದಿದ್ದು ಇನ್ನೊಂದು ಊರು. ಎರಡೂ ಕಡೆಯವರು ನನ್ನನ್ನು ಪೂರ್ತಿ ತಮ್ಮವನೆಂದು ಒಪ್ಪಿರಲಿಲ್ಲ. ರೆಫರಿಗೆ ಅದಕ್ಕಿಂತ ದೊಡ್ಡ ಅರ್ಹತೆ ಏನು ಬೇಕು?

ಆ ಬಯಲಿನಲ್ಲಿ ಒಂದು ರೂಢಿಯಿತ್ತು. ಮಸೀದಿಯಿಂದ ಇಳಿಹೊತ್ತಿನ ಆಜಾನ್ ಕೇಳಿದ ಕೂಡಲೇ ಆಟ ನಿಲ್ಲಬೇಕು. ಚೆಂಡು ಯಾರ ಹತ್ತಿರವಿದೆಯೋ ಅವನು ಅದರ ಮೇಲೆ ಕಾಲಿಟ್ಟು ನಿಲ್ಲುತ್ತಾನೆ, ಉಳಿದವರು ಇದ್ದಲ್ಲೇ ನಿಲ್ಲುತ್ತಾರೆ. ಕೂಗು ಮುಗಿದ ಮೇಲೆ ಅವನ ಕಾಲಿನಿಂದಲೇ ಆಟ ಮುಂದುವರಿಯುತ್ತದೆ. ಇದನ್ನು ಯಾರು ಮಾಡಿದರೋ ಗೊತ್ತಿಲ್ಲ. ಎರಡೂ ತಂಡಗಳಲ್ಲಿ ಎಲ್ಲ ಜಾತಿಯವರೂ ಇದ್ದರು, ಎಲ್ಲರೂ ನಿಲ್ಲುತ್ತಿದ್ದರು.

ನಲವತ್ತೇಳು, ನಲವತ್ತೆಂಟರ ಗಲಾಟೆಯಲ್ಲಿ ಚೆಂಡು ಮೂಲೆ ಸೇರಿತು. ಆಗ ಊರೂರುಗಳಲ್ಲಿ ಏನು ನಡೆಯಿತು ಎಂಬುದನ್ನು ಇಲ್ಲಿ ಬರೆಯಲಾರೆ. ನಿಜಾಮರ ಆಳ್ವಿಕೆ ಹೋದ ಮರುವರ್ಷ, ನಾನು ಕಾಲೇಜಿನ ರಜೆಗೆ ಬಂದಿದ್ದಾಗ, ಮತ್ತೆ ಆಟ ಬಿತ್ತು. ಆಜಾನ್ ಕೇಳಿತು. ಅಂಚಿನಲ್ಲಿ ನಿಂತಿದ್ದ ಒಬ್ಬ ವ್ಯಾಪಾರಿ, “ಇನ್ನ ಅದಕ್ಕ ಯಾಕ ನಿಲ್ತೀರೋ? ರಾಜ್ಯ ಬದಲಾತಲ್ಲ” ಅಂದ. ಚೆಂಡು ಪಕ್ಕದ ರಾಜೇಶ್ವರ ಎಂಬ ಊರಿನ ಒಬ್ಬ ರೈತನ ಕಾಲಲ್ಲಿತ್ತು. ಅವನು ಅದರ ಮೇಲೆ ಕಾಲಿಟ್ಟು ಹಿಂದಿರುಗಿ ನೋಡಿದ. “ರಾಜ್ಯ ಬದಲಾಗೇದ್ರಿ ಸಾಹುಕಾರ್ರ. ಆಟ ನಮ್ದು ಅದ.” ನಾನು ಸೀಟಿ ಊದಿದೆ. ಎಲ್ಲರೂ ನಿಂತರು.

ಹೈದರಾಬಾದಿನಲ್ಲಿ ಹಳೆಯ ಸಹಪಾಠಿಯೊಬ್ಬನ ಕೋಣೆಯಲ್ಲಿ ಉಳಿದೆ. ಹಂಗಾಮಿಗೆ ಇನ್ನು ಮೂರು ವಾರ. ಚಹಾದ ಹೋಟೆಲುಗಳಲ್ಲಿ ಬೇರೆ ಮಾತೇ ಇರಲಿಲ್ಲ. ಯಾರು ಯಾವ ತಂಡ ಬಿಟ್ಟು ಯಾವ ತಂಡ ಸೇರಿದ, ಯಾರ ಮೊಣಕಾಲು ಇನ್ನೂ ಸರಿಯಾಗಿಲ್ಲ, ಈ ಸಲ ಬರಿಗಾಲಿನವರು ಗೆಲ್ಲುತ್ತಾರೋ ಬೂಟಿನವರೋ. ಮೈದಾನದ ಸುತ್ತ ಬಿದಿರು ಕಟ್ಟುತ್ತಿದ್ದರು. ಲೀಗಿನ ಕಚೇರಿಯ ಗೋಡೆಯ ಮೇಲೆ ಆಟಗಳ ಪಟ್ಟಿ ಬಂದಿತ್ತು, ಪಕ್ಕದಲ್ಲಿ ರೆಫರಿಗಳ ಪಟ್ಟಿಗೆ ಜಾಗ ಖಾಲಿ ಬಿಟ್ಟಿದ್ದರು. ನನ್ನ ಹೆಸರು ಅಲ್ಲಿ ಬರಬೇಕಾಗಿತ್ತು.

ನಿಯಮಗಳ ಬರಹದ ಪರೀಕ್ಷೆಯಲ್ಲಿ ಪಾಸಾದೆ. ಉಳಿದದ್ದು ಮೈದಾನದ ಪರೀಕ್ಷೆ. ಮೊದಲ ದರ್ಜೆಯ ಎರಡು ತಂಡಗಳು ತಾಲೀಮಿಗಾಗಿ ಆಡುವ ಆಟಕ್ಕೆ ನಾನು ರೆಫರಿ. ಅಂಚಿನ ಬೆಂಚಿನ ಮೇಲೆ ಇಬ್ಬರು ಪರೀಕ್ಷಕರು: ಲೀಗಿನ ಸೆಕ್ರೆಟರಿ, ಮತ್ತು ಬಿಳಿ ಗಡ್ಡದ ಒಬ್ಬ ಹಳೆಯ ರೆಫರಿ. ಅಲ್ಲಿಯ ಮಾತೆಲ್ಲ ಉರ್ದುವಿನಲ್ಲಿ ನಡೆದದ್ದು. ಈಗ ನೆನೆದರೆ ಅದು ನಮ್ಮ ಮಾತಾಗಿಯೇ ಕೇಳಿಸುತ್ತದೆ.

ಎರಡನೆಯ ಅರ್ಧದಲ್ಲಿ ಒಂದು ತಂಡದ ಫಾರ್ವರ್ಡ್ ಚೆಂಡನ್ನು ಕಾಲಲ್ಲಿಟ್ಟುಕೊಂಡು ನುಗ್ಗಿದ. ಊರಿಗೇ ಗೊತ್ತಿದ್ದ ಆಟಗಾರ. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಅಷ್ಟರಲ್ಲಿ ಆಜಾನ್ ಕೇಳಿತು. ನನ್ನ ತಲೆ ಕೆಲಸ ಮಾಡುವ ಮೊದಲೇ ಬಾಯಿ ಕೆಲಸ ಮಾಡಿತ್ತು. ಸೀಟಿ ಊದಿಬಿಟ್ಟೆ.

“ಏನಾತು?” ಎಂದು ಆತ ತಿರುಗಿದ. “ಯಾರು ಬಿದ್ರು?”

“ಯಾರೂ ಬಿದ್ದಿಲ್ಲ. ಚೆಂಡಿನ ಮ್ಯಾಲ ಕಾಲಿಟ್ಟು ನಿಂದ್ರಿ” ಅಂದೆ.

ಇಪ್ಪತ್ತೆರಡು ಜನ ಹುಚ್ಚನನ್ನು ನೋಡುವಂತೆ ನನ್ನನ್ನು ನೋಡಿದರು. ಕೂಗು ಮುಗಿಯಿತು. ನಾನು ನಮ್ಮ ರೂಢಿಯಂತೆ ಎಲ್ಲರನ್ನೂ ಅವರವರ ಜಾಗಕ್ಕೆ ಕಳಿಸಿ, ಚೆಂಡನ್ನು ಅವನ ಕಾಲಿಗೇ ಕೊಟ್ಟೆ. ಅವನು ನಗುತ್ತ ಗೋಲು ಹೊಡೆದ. ಎದುರು ತಂಡದವರು ನನ್ನನ್ನು ಸುತ್ತುವರಿದರು.

“ಮಿಯಾ, ಮೂವತ್ತು ವರ್ಷದಿಂದ ಈ ಮೈದಾನದಾಗ ಆಜಾನ್ ಕೇಳಾಕತ್ತೀನಿ” ಅಂದರು ಬಿಳಿ ಗಡ್ಡದವರು. “ಒಂದು ದಿನನೂ ಆಟ ನಿಂತಿಲ್ಲ. ನೀ ಎಲ್ಲಿಂದ ಬಂದೀ?”

“ಹುಮನಾಬಾದಿನಿಂದ್ರಿ.”

“ಅಲ್ಲಿ ಹಿಂಗ ಆಡ್ತಾರೇನು?”

“ಹೌದ್ರಿ. ಆಟ ನಿಲ್ಲಿಸಾಕ ರೆಫರಿಗೆ ಹಕ್ಕ ಅದ, ಪುಸ್ತಕದಾಗ ಅದ. ಅದು ತಪ್ಪು ಅನ್ನಂಗಿಲ್ಲ ನಾ. ಆದ್ರ ನಿಲ್ಲಿಸಿದ ಮ್ಯಾಲ ಎರಡೂ ತಂಡದ ಒಬ್ಬೊಬ್ಬರ ನಡುವ ಚೆಂಡು ಬಿಡಬೇಕಿತ್ತು. ಒಬ್ಬರ ಕಾಲಿಗೆ ಕೊಟ್ಟೆ. ಅದು ನನ್ನ ತಪ್ಪು.”

ಸೆಕ್ರೆಟರಿ ಕಾಗದ ಮಡಚಿದರು. “ಬರೋ ವರ್ಷ ಬರ್ರಿ.”

ಆ ಸಂಜೆ ನಡೆದುಕೊಂಡೇ ಕೋಣೆಗೆ ಹೋದೆ. ಮಾವನ ಮುಖ ಕಣ್ಣ ಮುಂದೆ ಬಂತು. ಬರುವ ವರ್ಷ ಎಂದರೆ ನಾನು ಕಾರಕೂನನಾಗಿರುತ್ತೇನೆ, ಮತ್ತೆ ಬರಲು ಯಾರೂ ಬಿಡುವುದಿಲ್ಲ. ಮರುದಿನ ಕಚೇರಿ ತೆರೆಯುವ ಮುಂಚೆಯೇ ಬಾಗಿಲಲ್ಲಿ ನಿಂತೆ.

“ಒಮ್ಮೆ ತಪ್ಪಿದಾಂವ ಅದೇ ಹಂಗಾಮಿನಾಗ ಮತ್ತ ಪರೀಕ್ಷಾ ಕೊಡಬಾರ್ದು ಅಂತ ಎಲ್ಲಿ ಬರದದ, ತೋರಿಸ್ರಿ” ಅಂದೆ.

ಸೆಕ್ರೆಟರಿ ಕನ್ನಡಕ ಏರಿಸಿ ನೋಡಿದರು. “ಬರದಿಲ್ಲ. ಯಾರೂ ಕೇಳಿಲ್ಲ, ಅದಕ್ಕ ಬರದಿಲ್ಲ.”

“ನಾ ಕೇಳಾಕತ್ತೀನಲ್ರಿ.”

ಅವತ್ತು ಉತ್ತರ ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ನಾನು ದಿನಾ ಬೆಳಿಗ್ಗೆ ಹೋಗಿ ಅವರ ಬೆಂಚಿನ ಮೇಲೆ ಕೂತೆ. ಕಚೇರಿಯ ಸಿಪಾಯಿ ಮೊದಲು ಬೈದ, ಆಮೇಲೆ ಚಹಾ ಕೊಟ್ಟ. ಒಂಬತ್ತನೆಯ ದಿನ ಬಿಳಿ ಗಡ್ಡದವರು ಒಳಗಿನಿಂದ ಬಂದು, “ನಾಳಿ ನಾಕು ಗಂಟೆಕ್ಕ ಬಾ. ನೀ ಹಿಂಗ ಕೂತ್ರ ಕಚೇರಿ ಕೆಲಸ ನಡಿಯಂಗಿಲ್ಲ” ಎಂದು ಹೋದರು.

ಮತ್ತೆ ಅದೇ ಮೈದಾನ, ಮತ್ತೆ ಅದೇ ಫಾರ್ವರ್ಡ್. ಸುದ್ದಿ ಹಬ್ಬಿ ಅಂಚಿನಲ್ಲಿ ಜನ ಸೇರಿದ್ದರು. “ಆಜಾನ್ ರೆಫರಿ ಬಂದ” ಎಂದು ಕೂಗುತ್ತಿದ್ದರು. ಮೊದಲ ಅರ್ಧದಲ್ಲೇ ಆ ಫಾರ್ವರ್ಡ್ ಕೈಯಿಂದ ಚೆಂಡು ತಳ್ಳಿಕೊಂಡು ಗೋಲು ಹೊಡೆದ. ಗೋಲು ಇಲ್ಲ ಅಂದೆ. ಅವನು ಎದೆಗೆ ಎದೆ ಕೊಟ್ಟು ನಿಂತ. ನನಗಿಂತ ಒಂದು ಗೇಣು ಎತ್ತರ.

“ನಾ ಯಾರು ಗೊತ್ತದೇನು ನಿನಗ?”

“ಗೊತ್ತದರಿ. ಕೈಲಿ ಚೆಂಡು ಮುಟ್ಟಿದವ್ರು. ಹಿಂದ ಸರೀರಿ, ಇಲ್ಲಾಂದ್ರ ಹೊರಗ ನಡೀರಿ.”

ನಾನು ಗೆರೆಯ ಕಡೆ ಕೈ ತೋರಿಸಿದೆ. ಅವನು ಬೈದುಕೊಳ್ಳುತ್ತ ಹಿಂದೆ ಸರಿದ.

ಇಳಿಹೊತ್ತಾಯಿತು. ಆಜಾನ್ ಶುರುವಾಯಿತು. ಆಟ ಜೋರಾಗಿ ನಡೆದಿತ್ತು, ಅಂಚಿನವರೆಲ್ಲ ಚೆಂಡು ಬಿಟ್ಟು ನನ್ನ ಬಾಯಿ ನೋಡುತ್ತಿದ್ದರು. ನಾನು ಊದಲಿಲ್ಲ. ಚೆಂಡು ನಡೆಯುವಷ್ಟು ನಡೆದು ಗೆರೆ ದಾಟಿತು. ಎಸೆಯಲು ಬಂದವನಿಗೆ ಕೈ ತೋರಿಸಿ ತಡೆದೆ. ಗಡಿಯಾರ ನೋಡಿಕೊಂಡೆ. ಕೂಗು ಮುಗಿಯುವವರೆಗೂ ಚೆಂಡು ಅವನ ಎರಡು ಕೈಯಲ್ಲಿ ತಲೆಯ ಮೇಲೇ ಇತ್ತು. ಆಮೇಲೆ ಎಸಿ ಅಂದೆ. ಹೋದ ಹೊತ್ತನ್ನು ಕೊನೆಯಲ್ಲಿ ಕೂಡಿಸಿ ಆಡಿಸಿದೆ.

“ಎಸಿಯಾವ್ನ ತಡದ್ರಲ್ಲ, ಯಾಕ?” ಅಂದರು ಸೆಕ್ರೆಟರಿ.

“ತಡದೆ. ಹೋದ ಹೊತ್ತು ತಿರುಗಿ ಕೊಟ್ಟೀನಿ. ಯಾವ ನಿಯಮ ಮುರದೀನಿ ಹೇಳ್ರಿ.”

ಅವರು ಪಕ್ಕಕ್ಕೆ ನೋಡಿದರು. ಬಿಳಿ ಗಡ್ಡದವರು ಆಗಲೇ ಸಹಿ ಮಾಡುತ್ತಿದ್ದರು.

ಎರಡು ದಿನಕ್ಕೆ ಪಟ್ಟಿ ಬಂತು, ನನ್ನ ಹೆಸರು ಕೊನೆಯ ಸಾಲಿನಲ್ಲಿತ್ತು. ಸೆಕ್ರೆಟರಿ ಮುದ್ರೆ ಒತ್ತಿದ ಸರ್ಟಿಫಿಕೇಟು ಕೊಟ್ಟು, ಮೊದಲನೆಯ ವಾರವೇ ನಿಮಗೊಂದು ಆಟವಿದೆ ಅಂದರು. ಅಷ್ಟರೊಳಗೆ ಊರಿಗೆ ಹೋಗಿ ಬರಬೇಕೆಂದು ಅವತ್ತೇ ಮೋಟಾರು ಹಿಡಿದೆ.

ಹುಮನಾಬಾದಿನ ಪೇಟೆಯಲ್ಲಿ ಅಪ್ಪ ಆಗತಾನೆ ಬಂಡಿ ಇಳಿಸಿ ಮುಗಿಸಿದ್ದ. ಮೈಯೆಲ್ಲ ಜೋಳದ ಧೂಳು. ಕಾಗದ ಚಾಚಿದೆ. ರುಮಾಲಿನಿಂದ ಎರಡೂ ಕೈ ಒರೆಸಿಕೊಂಡು ಅಂಚು ಹಿಡಿದು ತೆಗೆದುಕೊಂಡ. ತಿರುಗಿಸಿ ನೋಡಿದ.

“ಇದರಾಗ ಏನಂತ ಅದ?”

“ಈ ಹಂಗಾಮಿಗೆ ಮೊದಲ ದರ್ಜೆಯ ರೆಫರಿ ಅಂತ ಅದಪ್ಪಾ.”

“ರೆಫರಿಗೆ ಮಂದಿ ಬೈತಾರಂತಲ್ಲ. ಮೋಟಾರಿನಾವ್ರು ಹೇಳ್ತಿದ್ರು.”

“ಬೈತಾರ. ಸಾವಿರಾರು ಮಂದಿ ಬರ್ತಾರ, ಎಲ್ಲಾರೂ ಬೈತಾರ.”

“ಒಳಗ ಹೋಗಾಕ ರೊಕ್ಕಾ ಕೊಡ್ತಾರೇನು ಅವ್ರು?”

“ಹ್ಞೂಂ. ತಿಕೀಟು ತಗೋಬೇಕು.”

ಅಪ್ಪ ಸರ್ಟಿಫಿಕೇಟನ್ನು ಒಂದು ಚೀಲದ ಮೇಲೆ ಧೂಳು ಊದಿ ಇಟ್ಟ, ಹಾರದಂತೆ ಅಂಗೈ ಊರಿದ.

“ನನಗ ಇಷ್ಟು ವರ್ಷ ಮಂದಿ ಪುಕ್ಕಟ ಬೈದಾರ” ಅಂದ. “ನಿನಗ ಬೈಯಬೇಕಂದ್ರ ತಿಕೀಟು ತಗೀಲಿ.”